ಕೋಣೆಯ ಸದ್ದೂ ಕೇಳುವ ಆಲ್ಬಂಗಳು

2020ರ ಮಾರ್ಚ್ 3ರ ನಸುಕಿನಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಮೇಲೆ ಸುಂಟರಗಾಳಿ ಹಾಯ್ದುಹೋಯಿತು. ನಗರದ ಪೂರ್ವ ಭಾಗದಲ್ಲಿರುವ ವುಡ್‌ಲ್ಯಾಂಡ್ ಸ್ಟುಡಿಯೊದ ಚಾವಣಿ ಕಿತ್ತುಬಂತು. ಕರೆಂಟಿಲ್ಲ, ಮೇಲಿನಿಂದ ಮಳೆ. ಸ್ಟುಡಿಯೊದ ಒಡೆಯರಾದ ಗಾಯಕ ಜೋಡಿ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಆ ಕತ್ತಲಲ್ಲೇ ಗಿಟಾರುಗಳನ್ನೂ ವರ್ಷಗಟ್ಟಲೆ ಕೂಡಿಟ್ಟ ಧ್ವನಿಮುದ್ರಣದ ಟೇಪುಗಳನ್ನೂ ನೀರು ಬೀಳದ ಮೂಲೆಗಳಿಗೆ ಹೊತ್ತು ಸಾಗಿಸಿದರು. ಹಿಂದೊಮ್ಮೆ ಸಿನಿಮಾ ಟಾಕೀಸಾಗಿದ್ದ ಆ ಕಟ್ಟಡ ಸ್ಟುಡಿಯೊ ಆದದ್ದು 1967ರಲ್ಲಿ. ಅಮೆರಿಕದ ಹಳ್ಳಿ ಸಂಗೀತದ ಹಿರಿಯರನ್ನೆಲ್ಲ ಒಂದೆಡೆ ಕೂರಿಸಿ ಹಾಡಿಸಿದ 'ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್' ಎಂಬ ಹೆಸರಾಂತ ಆಲ್ಬಂ ಮುದ್ರಣಗೊಂಡದ್ದು ಅಲ್ಲಿಯೇ.

ಹಾಗೆ ಉಳಿದ ಟೇಪುಗಳಿಂದ ಅದೇ ವರ್ಷ 48 ಹಳೆಯ ಹಾಡುಗಳು ಮೂರು ಸಂಪುಟಗಳಲ್ಲಿ ಹೊರಬಂದವು. ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು, ರೀಲಿನ ಟೇಪ್ ರೆಕಾರ್ಡರ್ ಮುಂದೆ ಹಾಡಿದ 'ಆಲ್ ದ ಗುಡ್ ಟೈಮ್ಸ್' ಕೂಡ ಬಂತು. ಅದಕ್ಕೆ ಗ್ರ್ಯಾಮಿಯೂ ಸಿಕ್ಕಿತು. ಕಟ್ಟಡದ ದುರಸ್ತಿ ಮಾತ್ರ ವರ್ಷಗಳ ಕೆಲಸವಾಯಿತು. ಕೊನೆಗೆ 2024ರ ಆಗಸ್ಟಿನಲ್ಲಿ ಬಂದ ಹೊಸ ಆಲ್ಬಮ್ಮಿಗೆ ಇಬ್ಬರೂ ಇಟ್ಟ ಹೆಸರು 'ವುಡ್‌ಲ್ಯಾಂಡ್'. ಹತ್ತೇ ಹಾಡು. ಖಾಲಿ ಗೂಡ್ಸ್ ರೈಲೊಂದು ಸೇತುವೆಯ ಮೇಲೆ ಹೋಗುತ್ತಿದೆ, ತೆರೆದ ಡಬ್ಬಿಗಳ ಆಚೆ ಆಕಾಶ ಕಾಣುತ್ತಿದೆ: ಮೊದಲ ಹಾಡಿನ ವಸ್ತು ಇಷ್ಟೇ. ಇಂಥ ಸಣ್ಣ ನೋಟವನ್ನು ಹಿಡಿದು ಹಾಡು ಕಟ್ಟುವವರು ಇಂದು ಇವರಷ್ಟು ಚೆನ್ನಾಗಿ ಇನ್ನಾರೂ ಇಲ್ಲ ಎಂಬುದು ನನ್ನ ಎಣಿಕೆ. 'ಹ್ಯಾಶ್‌ಟ್ಯಾಗ್' ಎಂಬ ಹಾಡು ತೀರಿಹೋದ ಹಿರಿಯ ಗೀತಕಾರ ಗೈ ಕ್ಲಾರ್ಕ್ ಅವರನ್ನು ನೆನೆಯುವಂಥದು. ಕಲಾವಿದ ಸತ್ತ ದಿನ ಅವನ ಹೆಸರು ಫೋನಿನ ಪರದೆಯಲ್ಲಿ ಓಡಾಡುವ ಈ ಕಾಲದ ವಿಚಿತ್ರ ಶೋಕಾಚರಣೆಯನ್ನು ಅದು ಕಹಿಯಿಲ್ಲದೆ ಹೇಳುತ್ತದೆ. ರಾಲಿಂಗ್ಸ್ ನುಡಿಸುವುದು 1935ರ ಒಂದು ಸಣ್ಣ ಎಪಿಫೋನ್ ಗಿಟಾರ್. ಅದರ ದನಿಯಲ್ಲಿ ಗುಂಗಿಲ್ಲ, ಒಣ ಕಟ್ಟಿಗೆಯ ಚುರುಕಿದೆ. ಆ ಚುರುಕಿನ ಪಕ್ಕದಲ್ಲಿ ವೆಲ್ಚ್ ಅವರ ನಿಧಾನದ ಕಂಠ.

ಕಳೆದ ಐದಾರು ವರ್ಷಗಳಲ್ಲಿ ಇಂಗ್ಲಿಷ್ ಫೋಕ್ ಮತ್ತು ಪಾಪ್ ಲೋಕದಿಂದ ಬಂದ ಒಳ್ಳೆಯ ಆಲ್ಬಂಗಳನ್ನು ಆರಿಸಲು ಹೊರಟರೆ ಮತ್ತೆ ಮತ್ತೆ ಎದುರಾಗುವುದು ಇಂಥ ಜಾಗಗಳೇ: ಒಂದು ಕೋಣೆ, ಒಂದು ತೋಟದ ಮನೆ, ಕಾಡಿನ ನಡುವಿನ ಗುಡಿಸಲು. ಕೋವಿಡ್ ಇದಕ್ಕೊಂದು ಕಾರಣ. ದೊಡ್ಡ ಸ್ಟುಡಿಯೊಗಳು ಮುಚ್ಚಿದವು, ತಂಡಗಳು ಚದುರಿದವು, ಹಾಡುವವರ ಎದುರು ಮೈಕೊಂದು ಉಳಿಯಿತು. ಆದರೆ ಕೋವಿಡ್ ಹೋದ ಮೇಲೂ ಹಲವರು ಆ ರೀತಿಯನ್ನು ಬಿಡಲಿಲ್ಲ. ಉಸಿರು, ಕುರ್ಚಿಯ ಕಿರುಗುಟ್ಟು, ಹೊರಗಿನ ಹಕ್ಕಿ ಇವನ್ನೆಲ್ಲ ಒರೆಸಿ ತೆಗೆಯುವ ಉಪಕರಣ ಕೈಯಲ್ಲಿದ್ದೂ ತೆಗೆಯದೆ ಉಳಿಸಿದರು. ಹಾಡು ಎಲ್ಲಿ ಹುಟ್ಟಿತೋ ಆ ಜಾಗವೂ ಕಿವಿಗೆ ಬೀಳುವ ಇಂಥ ಆಲ್ಬಂಗಳನ್ನೇ ಇಲ್ಲಿ ಶಿಫಾರಸು ಮಾಡುತ್ತಿದ್ದೇನೆ. ಇವುಗಳಿಂದ ಒಂದು ಹಾಡನ್ನು ಕಿತ್ತು ಕೇಳಿದರೆ ಅರ್ಧದಷ್ಟೂ ದಕ್ಕುವುದಿಲ್ಲ.

ಈ ಸಂಪ್ರದಾಯದಲ್ಲಿ ಬರೆಯುವವರು, ಸ್ವರ ಹಾಕುವವರು, ಹಾಡುವವರು ಸಾಮಾನ್ಯವಾಗಿ ಒಬ್ಬರೇ. ನಮ್ಮ ಭಾವಗೀತೆಯ ದಾರಿ ಬೇರೆ. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟಿನಲ್ಲಿ ಕವಿತೆ ನಿಸಾರ್ ಅಹಮದ್ ಅವರದು, ಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ಕವಿಯ ಮಾತು ಇನ್ನೊಬ್ಬರ ಕಂಠದಲ್ಲಿ ಹೊಸ ಅರ್ಥ ಪಡೆಯುವುದು ನಮ್ಮಲ್ಲಿನ ಸುಖ. ಇಲ್ಲಿ ಆ ಸುಖ ಸಿಗುವುದು ಅಪರೂಪ. ಬರೆದವರೇ ಎದುರು ಕೂತು ಹೇಳುತ್ತಿರುವ ಸಲುಗೆ ಸಿಗುತ್ತದೆ. ಆದರೆ ಕ್ಯಾಸೆಟ್ಟಿನ ಕಾಲದ ಕೇಳುಗರಿಗೆ ಒಂದು ಅನುಕೂಲವಿದೆ. ಎ ಬದಿ ಮುಗಿದ ಮೇಲೆ ಬಿ ಬದಿ, ಈ ಹಾಡಾದ ಮೇಲೆ ಆ ಹಾಡು ಎಂದು ಕ್ರಮವಾಗಿ ಕೇಳಿದ ಅಭ್ಯಾಸ ಅವರಿಗೆ ಇದೆ. ಇಲ್ಲಿ ಬೇಕಾಗಿರುವುದೂ ಅದೇ.

ಏಡ್ರಿಯನ್ ಲೆಂಕರ್ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. 'ಬಿಗ್ ಥೀಫ್' ಎಂಬ ತಂಡದ ಗಾಯಕಿ ಇವರು. 2020ರ ಮಾರ್ಚಿನಲ್ಲಿ ತಂಡದ ಯುರೋಪ್ ಪ್ರವಾಸ ಅರ್ಧಕ್ಕೆ ನಿಂತಾಗ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ಗುಡ್ಡಗಾಡಿನಲ್ಲಿ ಒಂದೇ ಕೋಣೆಯ ಮರದ ಗುಡಿಸಲು ಹಿಡಿದರು. ಪ್ರೀತಿಯೊಂದು ಮುರಿದುಬಿದ್ದ ಸಮಯ ಅದು. ಧ್ವನಿ ತಂತ್ರಜ್ಞ ಫಿಲಿಪ್ ವೈನ್‌ರೋಬ್ ಟೇಪ್ ಯಂತ್ರಗಳನ್ನು ಹೇರಿಕೊಂಡು ಅಲ್ಲಿಗೆ ಬಂದರು. ಪ್ರತಿದಿನ ಬೆಳಿಗ್ಗೆ ಗಿಟಾರಿನ ಮೇಲೆ ಮನಸ್ಸಿಗೆ ಬಂದದ್ದನ್ನು ನುಡಿಸಿ ಕೆಲಸ ಶುರು, ರಾತ್ರಿ ಹಾಗೆಯೇ ನುಡಿಸಿ ಮುಗಿಸುವುದು. ಹೀಗೆ ಹುಟ್ಟಿದ 'ಸಾಂಗ್ಸ್' ಆಲ್ಬಮ್ಮಿನ ಹನ್ನೊಂದು ಹಾಡುಗಳಲ್ಲಿ ಒಂಬತ್ತನ್ನು ಅವರು ಬರೆದದ್ದು ಅಲ್ಲಿಯೇ, ಮುದ್ರಣ ನಡೆಯುತ್ತಿರುವಾಗಲೇ. ದಿನದ ಆರಂಭ-ಅಂತ್ಯದ ಆ ನುಡಿಸಾಣಿಕೆಗಳನ್ನು ಜೋಡಿಸಿದ ಭಾಗ 'ಇನ್‌ಸ್ಟ್ರುಮೆಂಟಲ್ಸ್' ಎಂಬ ಜೊತೆ ಆಲ್ಬಮ್ಮಿನಲ್ಲಿದೆ.

ಲೆಂಕರ್ ದನಿ ಎಲ್ಲರಿಗೂ ಮೊದಲ ಸಲಕ್ಕೇ ಒಗ್ಗುವಂಥದಲ್ಲ. ತೆಳು, ಸ್ವಲ್ಪ ಬಿರುಕು, ಕೆಲವೊಮ್ಮೆ ಮಗುವಿನಂತೆ ಕೇಳುತ್ತದೆ. ಆದರೆ ಬಲಗೈಯ ಬೆರಳುಗಳು ತಂತಿಗಳ ಮೇಲೆ ನಡೆಸುವ ಕುಸುರಿ ಕೆಲಸ ಕೇಳಿ. ಮಾತು ನಿಂತಲ್ಲಿಯೂ ಕಥೆ ಮುಂದುವರಿಯುತ್ತದೆ. ಹಾಡಿನ ಹಿಂದೆ ಮಳೆ ಕೇಳುತ್ತದೆ, ಹಕ್ಕಿ ಕೇಳುತ್ತದೆ. ಇವರ 2024ರ 'ಬ್ರೈಟ್ ಫ್ಯೂಚರ್' ಕೂಡ ಕಾಡಿನ ಸ್ಟುಡಿಯೊ ಒಂದರಲ್ಲಿ, ಕಂಪ್ಯೂಟರ್ ಸೋಕಿಸದೆ, ಪೂರ್ತಿ ಟೇಪಿನ ಮೇಲೆ ಮುದ್ರಣಗೊಂಡದ್ದು. ಅದರ ಮೊದಲ ಹಾಡು 'ರಿಯಲ್ ಹೌಸ್'. ಪಿಯಾನೊ ಒಂದೇ ಜೊತೆಗಿದ್ದಂತೆ ಕೇಳುವ ಈ ಹಾಡು ಬಾಲ್ಯದ ಮನೆ, ಭಯ, ಆಸ್ಪತ್ರೆ ಎಂದು ಅಲೆದು ಕೊನೆಗೆ ಸಾಕಿದ ನಾಯಿಯ ಸಾವಿಗೂ ಆ ಹೊತ್ತು ಅಮ್ಮ ಅತ್ತದ್ದಕ್ಕೂ ಬಂದು ನಿಲ್ಲುತ್ತದೆ. ಪಲ್ಲವಿ ಎಂಬುದಿಲ್ಲ, ತಾಳದ ಆಸರೆಯೂ ಇಲ್ಲ. ಆಲ್ಬಮ್ಮಿನ ಬಾಗಿಲಲ್ಲೇ ಇಷ್ಟು ಭಾರದ ಹಾಡು ಇಡಲು ಧೈರ್ಯ ಬೇಕು. ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಇದನ್ನು ಕೇಳುವ ಸಾಹಸ ಮಾತ್ರ ಬೇಡ.

'ಬ್ರೈಟ್ ಫ್ಯೂಚರ್' ಹೊರಬಂದ ದಿನವೇ, ಅಂದರೆ 2024ರ ಮಾರ್ಚ್ 22ರಂದು, ವಾಕ್ಸಹ್ಯಾಚಿ ಎಂಬ ಹೆಸರಿನಲ್ಲಿ ಹಾಡುವ ಕೇಟಿ ಕ್ರಚ್‌ಫೀಲ್ಡ್ ಅವರ 'ಟೈಗರ್ಸ್ ಬ್ಲಡ್' ಕೂಡ ಬಂತು. ಹೆಸರು ಕೇಳಿ ಹೆದರಬೇಕಿಲ್ಲ, ಅದು ಅಲ್ಲಿನ ಐಸ್ ಗೋಲಾಕ್ಕೆ ಹಾಕುವ ಕೆಂಪು ಶರಬತ್ತಿನ ಹೆಸರು. ಕುಡಿತ ಬಿಟ್ಟ ಮೇಲಿನ ಎಚ್ಚರವನ್ನು ಇವರು 2020ರ 'ಸೇಂಟ್ ಕ್ಲೌಡ್' ಆಲ್ಬಮ್ಮಿನಲ್ಲಿ ಹಾಡಿದ್ದರು. ಈ ಆಲ್ಬಂ ಆ ಎಚ್ಚರ ದಿನನಿತ್ಯದ ಸಂಸಾರವಾದ ಬಗೆಯನ್ನು ಹೇಳುತ್ತದೆ. ಲೆಂಕರ್ ಕಷ್ಟವೆನಿಸಿದವರು ಇಲ್ಲಿಗೆ ಬನ್ನಿ. ದಾರಿಯುದ್ದಕ್ಕೂ ಕಾರಿನಲ್ಲಿ ಹಾಕಿಕೊಳ್ಳಬಹುದಾದ ಹಾಡುಗಳಿವು, 'ರೈಟ್ ಬ್ಯಾಕ್ ಟು ಇಟ್' ಅಂತೂ ಒಮ್ಮೆ ಕೇಳಿದರೆ ಬಾಯಿಗೆ ಹತ್ತುತ್ತದೆ.

ಇನ್ನು ಪಾಪ್. ಟೇಲರ್ ಸ್ವಿಫ್ಟ್ ಎಂದೊಡನೆ ಕ್ರೀಡಾಂಗಣ, ಲೇಸರ್ ದೀಪ, ಮಿನುಗುವ ಉಡುಪು ಕಣ್ಣಿಗೆ ಬರುವವರು 2020ರ ಜುಲೈ 24ರಂದು ಬಂದ 'ಫೋಕ್‌ಲೋರ್' ಒಮ್ಮೆ ಕೇಳಬೇಕು. ಬಿಡುಗಡೆಗೆ ಒಂದು ದಿನವೂ ಇಲ್ಲದಾಗ ಅದರ ಸುದ್ದಿ ಹೊರಬಿದ್ದಿತ್ತು. 'ದ ನ್ಯಾಷನಲ್' ತಂಡದ ಏರನ್ ಡೆಸ್ನರ್ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯ ತಮ್ಮ ಲಾಂಗ್ ಪಾಂಡ್ ಸ್ಟುಡಿಯೊದಿಂದ ವಾದ್ಯದ ಭಾಗಗಳನ್ನು ಕಳಿಸುವುದು, ಸ್ವಿಫ್ಟ್ ಲಾಸ್ ಏಂಜಲಿಸ್‌ನ ಮನೆಯಲ್ಲಿ ಕೂತು ಅವಕ್ಕೆ ಮಾತು ಮತ್ತು ಧಾಟಿ ಕಟ್ಟಿ ಹಾಡುವುದು. ಈ ಆಲ್ಬಮ್ಮಿನ ಮುಖ್ಯ ಸಹಯೋಗಿಗಳು ಒಂದೆಡೆ ಕೂಡಿ ಹಾಡುಗಳನ್ನು ನುಡಿಸಿದ್ದು ಆಲ್ಬಂ ಹೊರಬಂದ ಮೇಲೆ, ಅದರದೇ ಚಿತ್ರೀಕರಣಕ್ಕಾಗಿ!

ತನ್ನ ಪ್ರೇಮ, ತನ್ನ ಮುನಿಸು, ತನ್ನ ಸೇಡು ಎಂದು ಹಾಡುತ್ತಿದ್ದ ಸ್ವಿಫ್ಟ್ ಇಲ್ಲಿ ಬೇರೆಯವರ ಕಥೆ ಹೇಳಲು ಕೂತರು. 'ಕಾರ್ಡಿಗನ್', 'ಆಗಸ್ಟ್', 'ಬೆಟಿ' ಮೂರೂ ಒಂದೇ ಹದಿಹರೆಯದ ಪ್ರೇಮದ ಮೂರು ಬದಿಗಳು. ಮೋಸಹೋದವಳು, ನಡುವೆ ಬಂದವಳು, ತಪ್ಪು ಮಾಡಿದ ಹುಡುಗ ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಹೇಳುತ್ತಾರೆ. ಮೂರು ಹಾಡುಗಳು ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಇಲ್ಲ, ದೂರ ದೂರ ಇವೆ; ಕೇಳುಗರೇ ನಂಟು ಹುಡುಕಬೇಕು. 'ಎಪಿಫನಿ' ಎಂಬ ಹಾಡು ಎರಡನೆಯ ಮಹಾಯುದ್ಧದಲ್ಲಿ ಕಾದಿದ ಅವರ ಅಜ್ಜನನ್ನೂ ಕೋವಿಡ್ ವಾರ್ಡಿನ ಸಿಬ್ಬಂದಿಯನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತದೆ. ಹದಿನಾರು ಹಾಡುಗಳಲ್ಲಿ ಎರಡು ಮೂರನ್ನು ಕೈಬಿಟ್ಟಿದ್ದರೆ ಇನ್ನೂ ಬಿಗಿಯಾಗುತ್ತಿತ್ತು. ಆದರೆ ಆ ದೂರನ್ನು ಈಗ ಯಾರು ಕೇಳುತ್ತಾರೆ? 2024ರ ಅವರ 'ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' ವಿಸ್ತೃತ ರೂಪದಲ್ಲಿ 31 ಹಾಡುಗಳಿಗೆ ಬೆಳೆಯಿತು. ಹಾಡು ಹೆಚ್ಚಿದಷ್ಟೂ ಸ್ಟ್ರೀಮಿಂಗ್ ಎಣಿಕೆ ಹೆಚ್ಚುತ್ತದೆ ಎಂಬ ಲೆಕ್ಕಾಚಾರದ ಕಾಲದಲ್ಲಿ ಪಾಪ್ ಕಲಾವಿದರಿಗೆ ಕತ್ತರಿ ಹಿಡಿಯುವ ಸಂಪಾದಕರು ಬೇಕಾಗಿದ್ದಾರೆ.

ಬಿಲ್ಲಿ ಐಲಿಶ್ ಅವರಿಗೆ ಆ ಸಂಪಾದಕ ಮನೆಯಲ್ಲೇ ಇದ್ದಾರೆ, ಅಣ್ಣ ಫಿನಿಯಸ್. ಇವರಿಬ್ಬರ 2019ರ ಮೊದಲ ಆಲ್ಬಂ ತಯಾರಾದದ್ದು ತಂದೆತಾಯಿಯ ಮನೆಯ ಮಲಗುವ ಕೋಣೆಯಲ್ಲಿ. ಮೈಕಿಗೆ ತುಟಿ ಹಚ್ಚಿ ಪಿಸುಗುಟ್ಟುವ ಆ ಶೈಲಿಯನ್ನು ಆಮೇಲೆ ಪ್ರಪಂಚವೇ ನಕಲು ಮಾಡಿತು. 2024ರ ಮೇ ತಿಂಗಳ 'ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್' ಆಲ್ಬಮ್ಮಿಗೆ ಮುನ್ನ ಇವರು ಒಂದೇ ಒಂದು ಹಾಡನ್ನೂ ಬಿಡಿಯಾಗಿ ಬಿಡಲಿಲ್ಲ. ಇಡಿಯಾಗಿಯೇ ಕೇಳಿ ಎಂಬ ಹಟ. ಹಾಡು ಹತ್ತು. ಪಿಸುಮಾತಿನವರೆಂದು ಹೆಸರಾದವರು ಇಲ್ಲಿ ಗಂಟಲು ಬಿಟ್ಟು ಹಾಡುವುದನ್ನೂ ಕೇಳಬಹುದು.

ಇವೆಲ್ಲದರ ನಡುವೆ ನನಗೆ ಅತಿ ಹತ್ತಿರವಾದದ್ದು ಇಂಗ್ಲೆಂಡಿನ ಲಾರಾ ಮಾರ್ಲಿಂಗ್. ಹದಿನೆಂಟರ ವಯಸ್ಸಿಗೇ ಮೊದಲ ಆಲ್ಬಂ ತಂದವರು. 2020ರ ಏಪ್ರಿಲಿನಲ್ಲಿ 'ಸಾಂಗ್ ಫಾರ್ ಅವರ್ ಡಾಟರ್' ಪ್ರಕಟಿಸಿದಾಗ ಅವರಿಗೆ ಮಗಳಿರಲಿಲ್ಲ. ಕಲ್ಪನೆಯ ಮಗಳಿಗೆ ಹೆಣ್ಣಿನ ಬದುಕಿನ ಬಗ್ಗೆ ಏನು ಹೇಳಲಿ ಎಂದು ಬರೆದ ಹಾಡುಗಳು ಅವು. 2023ರಲ್ಲಿ ನಿಜವಾಗಿಯೂ ಮಗಳು ಹುಟ್ಟಿದಳು. ತಾಯಿಯಾದ ಮೇಲೆ ಬರೆಯಲು ಸಮಯವೆಲ್ಲಿ ಎಂದು ಎಲ್ಲರೂ ಕೇಳುವ ಆ ತಿಂಗಳುಗಳಲ್ಲೇ, ಲಂಡನ್ನಿನ ಮನೆಯಲ್ಲಿ, ಮಗುವನ್ನು ಪಕ್ಕದಲ್ಲಿ ಇರಿಸಿಕೊಂಡು ಅವರು ಕಟ್ಟಿದ ಆಲ್ಬಂ 'ಪ್ಯಾಟರ್ನ್ಸ್ ಇನ್ ರಿಪೀಟ್'. 2024ರ ಅಕ್ಟೋಬರಿನಲ್ಲಿ ಬಂತು. ಮೊದಲ ಹಾಡು ಶುರುವಾಗುವ ಮುನ್ನವೇ ಮನೆಯ ಮಾತು, ಕೂಸಿನ ಸದ್ದು ಕೇಳುತ್ತದೆ. ಡ್ರಮ್ಸ್ ಎಲ್ಲೂ ಇಲ್ಲ. ಗಿಟಾರ್, ಕಂಠ, ರಾಬ್ ಮೂಸ್ ಅವರು ಹೊಂದಿಸಿದ ಪಿಟೀಲು ಬಳಗದ ಹದವಾದ ಬೆಂಬಲ.

ತಾಯ್ತನದ ಹಾಡುಗಳೆಂದರೆ ಸಿಹಿ ಹೆಚ್ಚಾಗುವ ಅಪಾಯ ಇದ್ದೇ ಇದೆ. ಮಾರ್ಲಿಂಗ್ ಮನೋವಿಶ್ಲೇಷಣೆಯನ್ನು ಓದಿಕೊಂಡವರು, ಆ ಬಲೆಗೆ ಬೀಳುವುದಿಲ್ಲ. ತಾಯಿಯಿಂದ ಮಗಳಿಗೆ ಏನೇನು ದಾಟುತ್ತದೆ, ಯಾವ ಗಾಯ ಯಾರಿಂದ ಯಾರಿಗೆ ಬಳುವಳಿಯಾಗಿ ಬರುತ್ತದೆ, ಯಾವುದನ್ನು ತಡೆಯಲು ಸಾಧ್ಯ ಎಂಬ ಯೋಚನೆ ಹಾಡಿನಿಂದ ಹಾಡಿಗೆ ಹರಿಯುತ್ತದೆ. 'ಲುಕಿಂಗ್ ಬ್ಯಾಕ್' ಎಂಬ ಹಾಡು ಅವರದಲ್ಲ, ಅವರ ತಂದೆ ಎಳೆ ವಯಸ್ಸಿನಲ್ಲಿ ಬರೆದದ್ದು. ಮುದುಕನೊಬ್ಬ ಹಿಂತಿರುಗಿ ನೋಡುವುದನ್ನು ಯುವಕನೊಬ್ಬ ಊಹಿಸಿ ಬರೆದ ಆ ಹಾಡನ್ನು ದಶಕಗಳ ನಂತರ ಮಗಳು, ತನ್ನ ಕೂಸಿನ ಎದುರು ಹಾಡುತ್ತಾಳೆ. ಮೂರು ತಲೆಮಾರು ಒಂದು ಹಾಡಿನಲ್ಲಿ ಕೂಡುವುದನ್ನು ಇಷ್ಟು ಸದ್ದಿಲ್ಲದೆ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಕೊನೆಯಲ್ಲಿ ಒಂದು ಜೋಗುಳ ಇದೆ, ಆಮೇಲೆ ಅದೇ ಜೋಗುಳ ಮಾತಿಲ್ಲದೆ. ಜೋಗುಳದ ಪದಗಳಿಂದಲೇ ತುಂಬಿದ ಜಾನಪದ ನಮ್ಮದು; ಈ ಆಲ್ಬಂ ನಮ್ಮ ಕೇಳುಗರಿಗೆ ಪರಕೀಯ ಎನಿಸಲು ಕಾರಣವೇ ಇಲ್ಲ.

ರಿಯಾನನ್ ಗಿಡೆನ್ಸ್ ಅವರದು ಬೇರೆಯೇ ತೂಕ. ನಾರ್ತ್ ಕ್ಯಾರೊಲೈನಾದ ಈ ಕಪ್ಪು ಗಾಯಕಿ ಒಪೆರಾ ಕಲಿತವರು, ಬ್ಯಾಂಜೊ ಹಿಡಿದವರು. 'ಒಮರ್' ಎಂಬ ಒಪೆರಾಕ್ಕಾಗಿ 2023ರಲ್ಲಿ ಮೈಕಲ್ ಏಬಲ್ಸ್ ಜೊತೆ ಪುಲಿಟ್ಜರ್ ಪಡೆದರು. ಬ್ಯಾಂಜೊ ಎಂದರೆ ಬಿಳಿಯರ ಹಳ್ಳಿ ವಾದ್ಯ ಎಂಬ ನಂಬಿಕೆ ಅಮೆರಿಕದಲ್ಲೂ ಬಲವಾಗಿದೆ. ಅಸಲಿಗೆ ಅದು ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ರೂಪುಗೊಂಡದ್ದು: ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿದ ವಾದ್ಯ. ತತ್ವಪದಕಾರರ ಏಕತಾರಿ ನೋಡಿದವರಿಗೆ ಈ ರಚನೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು ಜನರ ಈ ಹಕ್ಕನ್ನು ಇತಿಹಾಸದಿಂದ ಮರಳಿ ಕೇಳುವುದೇ ಗಿಡೆನ್ಸ್ ಅವರ ಕಾಯಕ. 2024ರಲ್ಲಿ ಬಿಯಾನ್ಸೆ ಅವರ 'ಟೆಕ್ಸಸ್ ಹೋಲ್ಡ್ ಎಮ್' ಪ್ರಪಂಚದ ತುಂಬ ಮೊಳಗಿದಾಗ ಅದರ ಆರಂಭದಲ್ಲೇ ಕೇಳುವ ಬ್ಯಾಂಜೊ ಇವರದು. ಕೋಟಿಗಟ್ಟಲೆ ಜನ ಹೆಸರು ತಿಳಿಯದೆಯೇ ಇವರನ್ನು ಕೇಳಿಬಿಟ್ಟಿದ್ದಾರೆ.

ಇವರ ಎರಡು ಆಲ್ಬಂ ಹೇಳುತ್ತೇನೆ. ಒಂದು, ಇಟಲಿಯ ವಾದಕ ಫ್ರಾಂಚೆಸ್ಕೊ ತುರಿಸಿ ಜೊತೆಗಿನ 'ದೇ ಆರ್ ಕಾಲಿಂಗ್ ಮಿ ಹೋಮ್' (2021). ಲಾಕ್‌ಡೌನಿನಲ್ಲಿ ಐರ್ಲೆಂಡಿನಲ್ಲಿ ಸಿಕ್ಕಿಬಿದ್ದ ಇಬ್ಬರೂ ಡಬ್ಲಿನ್ ಹೊರವಲಯದ ಕೃಷಿಭೂಮಿಯೊಂದರ ಸಣ್ಣ ಸ್ಟುಡಿಯೊದಲ್ಲಿ ಆರು ದಿನದಲ್ಲಿ ಮುಗಿಸಿದ ಕೆಲಸ. ಒಬ್ಬರಿಗೆ ಅಮೆರಿಕದ ಊರು ದೂರ, ಇನ್ನೊಬ್ಬರಿಗೆ ಇಟಲಿ ದೂರ. ಮನೆಯ ಹಂಬಲವೂ ಸುತ್ತಲಿನ ಸಾವೂ ಸೇರಿ ಹಾಡಿನ ಆಯ್ಕೆ ನಡೆದಿದೆ. ಅಪಲೇಶಿಯನ್ ಬೆಟ್ಟದ ಹಾಡು, ಇಟಲಿಯ ಜೋಗುಳ, ಮೊಂಟೆವೆರ್ಡಿಯ ನಾಲ್ಕು ಶತಮಾನ ಹಿಂದಿನ ರಚನೆ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಎರಡನೆಯದು 2025ರ ಏಪ್ರಿಲಿನಲ್ಲಿ ಹಳೆಯ ಗೆಳೆಯ ಜಸ್ಟಿನ್ ರಾಬಿನ್ಸನ್ ಜೊತೆ ತಂದ, ಕಪ್ಪುಹಕ್ಕಿ ಕಾಗೆಗೆ ಏನೆಂದಿತು ಎಂದು ಕೇಳುವ ಹೆಸರಿನ ಆಲ್ಬಂ: 'ವಾಟ್ ಡಿಡ್ ದ ಬ್ಲ್ಯಾಕ್‌ಬರ್ಡ್ ಸೇ ಟು ದ ಕ್ರೋ'. ಪಿಟೀಲು, ಬ್ಯಾಂಜೊ ಬಿಟ್ಟರೆ ಹೆಚ್ಚೇನಿಲ್ಲ. ಇಬ್ಬರಿಗೂ ಕಲಿಸಿದ ಹಿರಿಯ ಪಿಟೀಲುಗಾರ ಜೋ ಥಾಂಪ್ಸನ್ 2012ರಲ್ಲಿ ತೀರಿಕೊಂಡಿದ್ದರು. ಶಿಷ್ಯರು ಅವರ ಮನೆಯಂಗಳಕ್ಕೇ ಹೋಗಿ, ಬಯಲಿನಲ್ಲಿ ಕೂತು ನುಡಿಸಿದರು. ಆ ವರ್ಷ ಅಲ್ಲಿ ಮಣ್ಣಿನಿಂದ ಎದ್ದು ಬಂದಿದ್ದ ಜೀರುಂಡೆಗಳ ಮೊರೆತವೂ ಮುದ್ರಣದಲ್ಲಿ ಸೇರಿದೆ. ಮಲೆನಾಡಿನವರಿಗೆ ಆ ಶ್ರುತಿ ಚೆನ್ನಾಗಿ ಗೊತ್ತು.

ಇಂಗ್ಲಿಷ್ ಬೇಡ ಎನ್ನುವವರಿಗೆ ಅರೂಜ್ ಆಫ್ತಾಬ್ ಇದ್ದಾರೆ. ಲಾಹೋರಿನಲ್ಲಿ ಬೆಳೆದು, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿದವರು. 2021ರ 'ವಲ್ಚರ್ ಪ್ರಿನ್ಸ್' ತಯಾರಾಗುತ್ತಿದ್ದಾಗ ಅವರ ತಮ್ಮ ತೀರಿಕೊಂಡರು. ಆಲ್ಬಂ ಅವರಿಗೇ ಅರ್ಪಿತ. ಏಳು ಹಾಡುಗಳಲ್ಲಿ ಗಾಲಿಬ್ ಇದ್ದಾರೆ, ಇಂಗ್ಲಿಷಿನಲ್ಲಿ ರೂಮಿ ಇದ್ದಾರೆ. 'ಮೊಹಬ್ಬತ್' ಹಾಡು ಮೆಹದಿ ಹಸನ್ ಕಂಠದಿಂದ ಮನೆಮಾತಾದ ಹಫೀಜ್ ಹೋಶಿಯಾರ್‌ಪುರಿ ಅವರ ಗಜಲು. ಅದನ್ನು ಮುಟ್ಟಲು ಯಾರಿಗಾದರೂ ಅಳುಕಾಗಬೇಕು. ಆಫ್ತಾಬ್ ಮಾಡಿದ್ದು ಸರಳ: ತಬಲಾ, ಹಾರ್ಮೋನಿಯಂ ಎರಡನ್ನೂ ಪಕ್ಕಕ್ಕಿಟ್ಟರು; ತಾನುಗಳ ಪ್ರದರ್ಶನಕ್ಕೆ ಹೋಗಲಿಲ್ಲ; ಗಿಟಾರಿನ ಸುತ್ತುವ ಸ್ವರಗಳ ಮೇಲೆ, ತಗ್ಗಿದ ದನಿಯಲ್ಲಿ, ಒಂದೊಂದು ಸಾಲಿನ ನಡುವೆಯೂ ಬೇಕಾದಷ್ಟು ಬಿಡುವು ಕೊಟ್ಟು ಹಾಡಿದರು. ಆ ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂತು, ಪಾಕಿಸ್ತಾನದ ಕಲಾವಿದರಿಗೆ ಬಂದ ಮೊದಲ ಗ್ರ್ಯಾಮಿ ಅದು. ಗಜಲಿನ ಕಟ್ಟಾ ರಸಿಕರು ಮೂಗು ಮುರಿಯಬಹುದು. ಆದರೆ ಧಾರವಾಡದ ಬೈಠಕ್ಕುಗಳಲ್ಲಿ ಪಳಗಿದ ಕಿವಿಗೂ ಅವರ ಸ್ವರದ ನಿಲುವು ಹಿಡಿಸುತ್ತದೆ ಎಂದೇ ನನ್ನ ನಂಬಿಕೆ.

ಇನ್ನೊಂದು ಆಲ್ಬಂ ಕೋಣೆಯದಲ್ಲ, ಬಯಲು ವೇದಿಕೆಯದು. 2015ರಲ್ಲಿ ಮಿದುಳಿನ ರಕ್ತನಾಳ ಒಡೆದು ಹಿರಿಯ ಗಾಯಕಿ ಜೋನಿ ಮಿಚೆಲ್ ಮಾತು, ನಡಿಗೆ ಎರಡನ್ನೂ ಹೊಸದಾಗಿ ಕಲಿಯಬೇಕಾಯಿತು. ಗಿಟಾರಿನಲ್ಲಿ ಬೆರಳು ಎಲ್ಲಿಡಬೇಕೆಂದು ತಮ್ಮದೇ ಹಳೆಯ ವಿಡಿಯೊಗಳನ್ನು ನೋಡಿ ಕಲಿತರು. 2022ರ ಜುಲೈ 24ರಂದು, 78ರ ಹರೆಯದಲ್ಲಿ, ಮುಂಚೆ ತಿಳಿಸದೆ ನ್ಯೂಪೋರ್ಟ್ ಫೋಕ್ ಉತ್ಸವದ ವೇದಿಕೆ ಏರಿದರು. ಗಾಯಕಿ ಬ್ರ್ಯಾಂಡಿ ಕಾರ್ಲೈಲ್ ಮತ್ತು ಗೆಳೆಯರ ಬಳಗ ಸುತ್ತ ಕೂತಿತ್ತು. ಆ ಸಂಜೆಯೇ 2023ರ 'ಅಟ್ ನ್ಯೂಪೋರ್ಟ್'. ಇಪ್ಪತ್ತರ ಹರೆಯದಲ್ಲಿ ಬರೆದ 'ಬೋತ್ ಸೈಡ್ಸ್ ನೌ' ಹಾಡನ್ನು ಇಲ್ಲಿ ತಳಮಟ್ಟಕ್ಕೆ ಇಳಿದ ಕಂಠದಲ್ಲಿ ಹಾಡುತ್ತಾರೆ. ಮೊದಲು 1969ರ ಮುದ್ರಣ, ಬೆನ್ನಿಗೇ ಇದನ್ನು ಕೇಳಿ ನೋಡಿ. ಮಾತು ಅದೇ, ಹೇಳುತ್ತಿರುವವರು ಮಾತ್ರ ಬದುಕು ಕಂಡು ಬಂದವರು.

ಕೇಳುವುದು ಹೇಗೆ? ಫೋನಿನ ಸ್ಪೀಕರಿನಲ್ಲಿ ಬೇಡ. ತಗ್ಗಿನ ಸ್ವರಗಳೂ ಕೋಣೆಯ ಸದ್ದೂ ಅದರಲ್ಲಿ ಸತ್ತುಹೋಗುತ್ತವೆ. ಸಾಧಾರಣ ಹೆಡ್‌ಫೋನ್ ಸಾಕು. ಮೊದಲ ಸಲ ಸಾಹಿತ್ಯವನ್ನು ತೆರೆದಿಟ್ಟುಕೊಳ್ಳಬೇಡಿ, ಉಚ್ಚಾರಣೆ ಅರ್ಧ ತಿಳಿಯದಿದ್ದರೂ ಪರವಾಗಿಲ್ಲ. ಎರಡನೆಯ ಸಲ ಓದುತ್ತ ಕೇಳಿ. ಶಫಲ್ ಆಯ್ಕೆಯನ್ನು ಮಾತ್ರ ಕಡ್ಡಾಯವಾಗಿ ಆಫ್ ಮಾಡಿಡಿ, ಕ್ರಮ ತಪ್ಪಿದರೆ 'ರಿಯಲ್ ಹೌಸ್' ಆಗಲಿ ಮಾರ್ಲಿಂಗ್ ಅವರ ಜೋಗುಳವಾಗಲಿ ತನ್ನ ಜಾಗದಲ್ಲಿ ಇರುವುದಿಲ್ಲ. ಉರ್ದು ಕಿವಿಯಿರುವವರು ಆಫ್ತಾಬ್‌ರಿಂದ, ಮಕ್ಕಳ ಜೊತೆ ಕೇಳುವವರು 'ಫೋಕ್‌ಲೋರ್'ನಿಂದ, ಜಾನಪದದ ಆಸಕ್ತರು ಗಿಡೆನ್ಸ್‌ರಿಂದ ಶುರು ಮಾಡಬಹುದು. ಒಂದೇ ಒಂದಕ್ಕೆ ಬಿಡುವಿದೆ ಎಂದರೆ ನನ್ನ ಮತ ಮಾರ್ಲಿಂಗ್ ಅವರಿಗೆ. ನಲವತ್ತು ನಿಮಿಷವೂ ಹಿಡಿಯದು. ಸ್ಟ್ರೀಮಿಂಗಿನಲ್ಲಿ ಕೇಳುವವರಿಗೆ ಒಂದು ಮಾತು: ಜೋನಿ ಮಿಚೆಲ್ 2022ರಲ್ಲಿ ಸ್ಪಾಟಿಫೈಯಿಂದ ತೆಗೆಸಿದ್ದ ಹಾಡುಗಳು 2024ರ ಮಾರ್ಚಿನಿಂದ ಅಲ್ಲಿ ಮರಳಿ ಸಿಗುತ್ತಿವೆ.